ಹೊಸ ಲ್ಯಾಪ್‌ಟಾಪ್: ಯಾವಾಗ ಕೊಳ್ಳಬೇಕು, ಯಾವುದಕ್ಕೆ ದುಡ್ಡು ಹಾಕಬೇಕು

ಸಿಇಟಿ ಸೀಟು ಹಂಚಿಕೆ ಮುಗಿಯುತ್ತಿದ್ದ ಹಾಗೆ ಎಷ್ಟೋ ಮನೆಗಳಲ್ಲಿ ಒಂದೇ ಪ್ರಶ್ನೆ: ಮಗಳಿಗೆ ಯಾವ ಲ್ಯಾಪ್‌ಟಾಪ್ ಕೊಡಿಸೋದು? ಅಂಗಡಿಯವರು ಪ್ರೊಸೆಸರ್, ಅಂದರೆ ಯಂತ್ರದ ಮುಖ್ಯ ಚಿಪ್‌ನ ಹೆಸರು ಹಿಡಿದು "ಐ5 ತಗೊಳ್ಳಿ ಸಾರ್, ಸಾಕು" ಅನ್ನುತ್ತಾರೆ. ಪಕ್ಕದ ಮನೆಯ ಹುಡುಗ ಗೇಮಿಂಗ್ ಲ್ಯಾಪ್‌ಟಾಪೇ ಬೇಕು ಅನ್ನುತ್ತಾನೆ. ಚಿಕ್ಕಪ್ಪ ದಸರಾ ಸೇಲ್‌ವರೆಗೆ ಕಾಯಲು ಹೇಳುತ್ತಾರೆ. ಯಾರ ಮಾತೂ ಪೂರ್ತಿ ತಪ್ಪಲ್ಲ. ಆದರೆ ಅವನ್ನೆಲ್ಲ ಒಟ್ಟಿಗೆ ಕೇಳಿಸಿಕೊಂಡರೆ ತಲೆ ಇನ್ನಷ್ಟು ಕೆಡುತ್ತದೆ, ಅಷ್ಟೇ.

ನಾನು ಇಂಥ ಹೊತ್ತಿನಲ್ಲಿ ಕೇಳುವ ಪ್ರಶ್ನೆ ಒಂದೇ: ಈ ಭಾಗವನ್ನು ಆಮೇಲೆ ಬದಲಾಯಿಸಲು ಆಗುತ್ತದಾ? ಹಳೆಯ ಲ್ಯಾಪ್‌ಟಾಪಿನ ತೊಂದರೆ ಬದಲಾಯಿಸಬಹುದಾದ ಭಾಗದಲ್ಲಿದ್ದರೆ ಹೊಸದು ಕೊಳ್ಳುವ ಸಮಯ ಇನ್ನೂ ಬಂದಿಲ್ಲ. ಹೊಸದನ್ನೇ ಕೊಳ್ಳುವುದಾದರೆ, ಮುಂದೆ ಬದಲಾಯಿಸಲಾಗದ ಭಾಗಗಳಿಗೆ ಮೊದಲು ದುಡ್ಡು ಹಾಕಬೇಕು. ಯಾವಾಗ, ಯಾವುದು ಎರಡಕ್ಕೂ ಇದೇ ಒಂದು ಅಳತೆ ಸಾಕಾಗುತ್ತದೆ.

ಮೊದಲು ಹಳೆಯದನ್ನು ತಪಾಸಣೆ ಮಾಡಿ

"ಲ್ಯಾಪ್‌ಟಾಪ್ ಸ್ಲೋ ಆಗಿದೆ" ಅನ್ನುವ ದೂರಿಗೆ ಕಾರಣ ಹಲವು. ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ಪರ್ಫಾರ್ಮೆನ್ಸ್ ಪುಟಕ್ಕೆ ಹೋಗಿ. ಡಿಸ್ಕ್ ಅನ್ನುವಲ್ಲಿ ಎಚ್‌ಡಿಡಿ ಎಂದು ಬರೆದಿದ್ದು, ಸುಮ್ನೆ ಕೂತಿದ್ದಾಗಲೂ ಅದು 100 ಶೇಕಡಾ ತೋರಿಸುತ್ತಿದ್ದರೆ ಕಳ್ಳ ಸಿಕ್ಕಿಬಿದ್ದ. ತಿರುಗುವ ಹಾರ್ಡ್ ಡಿಸ್ಕ್ (ಎಚ್‌ಡಿಡಿ) ತೆಗೆದು, ಫೈಲುಗಳನ್ನು ಚಿಪ್‌ಗಳಲ್ಲೇ ಇಡುವ ಎಸ್‌ಎಸ್‌ಡಿ ಹಾಕಿಸಿದರೆ, ಆನ್ ಆಗಲು ಎರಡು ಮೂರು ನಿಮಿಷ ತೆಗೆದುಕೊಳ್ಳುತ್ತಿದ್ದ ಯಂತ್ರ ಅರ್ಧ ನಿಮಿಷದೊಳಗೆ ಎದ್ದು ಕೂರುತ್ತದೆ. ಯಾವ ಹೊಸ ಪ್ರೊಸೆಸರ್ ಕೂಡ ಕೊಡದಷ್ಟು ಬದಲಾವಣೆ ಇದು.

ಅದೇ ಪುಟದಲ್ಲಿ ಮೆಮೊರಿ ನೋಡಿ. ನಿಮ್ಮ ದಿನದ ಕೆಲಸ ನಡೆಯುತ್ತಿರುವಾಗ 85–90 ಶೇಕಡಾ ತುಂಬಿದ್ದರೆ ರ‍್ಯಾಮ್ (ನಡೆಯುತ್ತಿರುವ ಕೆಲಸಗಳನ್ನು ಹಿಡಿದಿಟ್ಟುಕೊಳ್ಳುವ ಮೆಮೊರಿ) ಸಾಲುತ್ತಿಲ್ಲ ಎಂದು ಅರ್ಥ. ಎಷ್ಟು ಸ್ಲಾಟ್ ಇವೆ, ಎಷ್ಟು ತುಂಬಿವೆ ಅನ್ನುವುದೂ ಸಾಮಾನ್ಯವಾಗಿ ಅಲ್ಲೇ ಕಾಣುತ್ತದೆ. ಎರಡರಲ್ಲಿ ಒಂದು ಖಾಲಿ ಇದ್ದರೆ ನಿಮ್ಮ ಅದೃಷ್ಟ. ಬ್ಯಾಟರಿ ಒಂದು ಗಂಟೆಯೂ ಬಾಳದಿದ್ದರೆ ಬ್ಯಾಟರಿ ಬದಲಾಯಿಸಿ. ಅದು ಉಬ್ಬಿಕೊಂಡು ಟಚ್‌ಪ್ಯಾಡ್ ಮೇಲೆದ್ದಿದ್ದರೆ ಮಾತ್ರ ಇವತ್ತೇ ಬಳಸುವುದನ್ನು ನಿಲ್ಲಿಸಿ, ಬೆಂಕಿಯ ಅಪಾಯ ಇರುತ್ತದೆ. ಫ್ಯಾನ್ ಅರಚುತ್ತಾ ಯಂತ್ರ ಸುಡುತ್ತಿದ್ದರೆ ಧೂಳು ತೆಗೆಸಿ, ಥರ್ಮಲ್ ಪೇಸ್ಟ್ ಹಾಕಿಸಿ. ಕೀಬೋರ್ಡು, ಪರದೆ ಮಡಚುವ ಹಿಂಜು, ಚಾರ್ಜರ್ ಎಲ್ಲವೂ ಸಿಗುವ ಸಾಮಾನುಗಳೇ.

ಇನ್ನು ಬದಲಾಯಿಸಲಾಗದ್ದು. ಇವತ್ತಿನ ಬಹುಪಾಲು ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರನ್ನು ಮದರ್‌ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಅದು ಹಳತಾದರೆ ಯಂತ್ರವೇ ಹಳತು. ಮೈಕ್ರೋಸಾಫ್ಟ್ ಈ ಗೆರೆಯನ್ನು ಇನ್ನೂ ಗಟ್ಟಿ ಮಾಡಿಬಿಟ್ಟಿದೆ. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆ ಬಳಕೆದಾರರಿಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ 2026ರ ಅಕ್ಟೋಬರ್ 13ರವರೆಗೆ ಎಂದು ಆಗ ಘೋಷಿಸಿತ್ತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಯಂತ್ರದಲ್ಲಿ ಇರಬೇಕು. ಪ್ರೊಸೆಸರ್ ಹೆಚ್ಚುಕಮ್ಮಿ ಇಂಟೆಲ್ 8ನೇ ತಲೆಮಾರಿನದು ಅಥವಾ ಎಎಂಡಿ ರೈಜೆನ್ 2000 ಸರಣಿಯದು ಅಥವಾ ಅದರ ಮುಂದಿನದಾಗಿರಬೇಕು. ಇಂಟೆಲ್ 8ನೇ ತಲೆಮಾರು ಬಂದದ್ದು 2017ರಲ್ಲಿ. ಗೆರೆ ಅಲ್ಲೇ ಬಿದ್ದದ್ದು ಒಂದು ಲೆಕ್ಕದಲ್ಲಿ ಸರಿಯೇ. ಅದಕ್ಕೆ ಹಿಂದಿನ ಐ5-7200ಯು ಒಳಗೆ ಇದ್ದದ್ದು 2 ಕೋರ್ (ಲೆಕ್ಕ ಮಾಡುವ ಘಟಕ), ನಂತರದ ಐ5-8250ಯು ಒಳಗೆ 4.

ಈ ಗೆರೆ ದಾಟದೆ ಹಿಂದೆ ಉಳಿದ ಯಂತ್ರವನ್ನು ಗುಜರಿಗೆ ಹಾಕಬೇಕಿಲ್ಲ. ವಿಂಡೋಸ್ ಬದಲು ಉಬುಂಟು ಅಥವಾ ಲಿನಕ್ಸ್ ಮಿಂಟ್ ಹಾಕಿದರೆ ಬ್ರೌಸರ್, ಯೂಟ್ಯೂಬ್, ಟೈಪಿಂಗ್‌ಗೆ ಇನ್ನೂ ಕೆಲವು ವರ್ಷ ನಡೆಯುತ್ತದೆ. ಆದರೆ ಬ್ಯಾಂಕ್ ಕೆಲಸ, ಆಫೀಸ್ ಕೆಲಸವನ್ನು ಅಪ್‌ಡೇಟ್ ನಿಂತ ವಿಂಡೋಸ್‌ನಲ್ಲೇ ಮುಂದುವರಿಸುವುದು ಬೇಡ.

ಮದರ್‌ಬೋರ್ಡ್ ಹೋಗಿದ್ದರೆ? ರಿಪೇರಿ ಖರ್ಚು ಹೊಸ ಲ್ಯಾಪ್‌ಟಾಪಿನ ಬೆಲೆಯ ಮೂರನೇ ಒಂದು ಭಾಗ ದಾಟಿದರೆ ನಾನಂತೂ ಕೈಬಿಡುತ್ತೇನೆ. ಇದು ಶಾಸ್ತ್ರವಲ್ಲ, ನನ್ನ ಲೆಕ್ಕ.

ಸೇಲ್‌ಗೆ ಕಾಯಬೇಕಾ?

ನಮ್ಮಲ್ಲಿ ಲ್ಯಾಪ್‌ಟಾಪ್ ಬೆಲೆ ಇಳಿಯುವ ಕಾಲಗಳು ಗೊತ್ತಿರುವಂಥವೇ. ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವದ ಸೇಲ್‌ಗಳು, ಕಾಲೇಜು ಶುರುವಾಗುವ ಜೂನ್–ಜುಲೈ, ಆಮೇಲೆ ದಸರಾ–ದೀಪಾವಳಿಯ ದೊಡ್ಡ ಸೇಲ್. ಇಲ್ಲಿ ಎಂಆರ್‌ಪಿಯ ಮೇಲೆ ಎಷ್ಟು ಶೇಕಡಾ ಕಡಿತ ಅನ್ನುವುದಕ್ಕೆ ಅರ್ಥವಿಲ್ಲ. ಎಂಆರ್‌ಪಿಗೆ ಲ್ಯಾಪ್‌ಟಾಪ್ ಮಾರುವವರೂ ಇಲ್ಲ, ಕೊಳ್ಳುವವರೂ ಇಲ್ಲ. ಹಿಂದಿನ ಕೆಲವು ತಿಂಗಳು ಅದೇ ಮಾಡೆಲ್ ಎಷ್ಟಕ್ಕೆ ಮಾರಾಟವಾಗಿದೆ ಎಂದು ಬೆಲೆ ಇತಿಹಾಸ ತೋರಿಸುವ ಜಾಲತಾಣಗಳಲ್ಲಿ ನೋಡಿ. ನಿಜವಾದ ಉಳಿತಾಯ ಬರುವುದು ಹೆಚ್ಚಾಗಿ ಬ್ಯಾಂಕ್ ಕಾರ್ಡಿನ ರಿಯಾಯಿತಿಯಿಂದ ಮತ್ತು ಹಿಂದಿನ ವರ್ಷದ ಮಾಡೆಲ್‌ನಿಂದ. ಇಂಟೆಲ್, ಎಎಂಡಿ ಎರಡೂ ಸಾಮಾನ್ಯವಾಗಿ ಜನವರಿಯಲ್ಲಿ ಲಾಸ್ ವೇಗಸ್‌ನ ಸಿಇಎಸ್ ಮೇಳದಲ್ಲಿ ಹೊಸ ಚಿಪ್ ಘೋಷಿಸುತ್ತವೆ. ಹೊಸದು ಅಂಗಡಿಗೆ ಬರುವಷ್ಟರಲ್ಲಿ ಹಳೆಯ ಸ್ಟಾಕ್ ಖಾಲಿ ಮಾಡುವ ಗಡಿಬಿಡಿ ಶುರುವಾಗಿರುತ್ತದೆ. ಒಂದು ವರ್ಷ ಹಳೆಯ ಚಿಪ್ ಇರುವ ಒಳ್ಳೆಯ ಲ್ಯಾಪ್‌ಟಾಪ್, ಹೊಸ ಚಿಪ್ ಇರುವ ಕಳಪೆ ಲ್ಯಾಪ್‌ಟಾಪಿಗಿಂತ ಯಾವತ್ತೂ ಮೇಲು.

"ಕಾದಷ್ಟೂ ಅಗ್ಗ" ಅನ್ನುವ ನಂಬಿಕೆಗೆ ಮಾತ್ರ 2025ರ ಕೊನೆಯಿಂದ ಪೆಟ್ಟು ಬಿದ್ದಿದೆ. ಜಗತ್ತಿನ ರ‍್ಯಾಮ್ ಚಿಪ್‌ಗಳಲ್ಲಿ ಬಹುಪಾಲನ್ನು ತಯಾರಿಸುವುದು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಅನ್ನುವ ಮೂರು ಕಂಪನಿಗಳು. ಎಐ ಡೇಟಾ ಸೆಂಟರ್‌ಗಳಿಗೆ ಬೇಕಾದ ವಿಶೇಷ ಮೆಮೊರಿಯಲ್ಲಿ ಲಾಭ ಜಾಸ್ತಿ. ಹಾಗಾಗಿ ಮೂರೂ ತಮ್ಮ ಕಾರ್ಖಾನೆಗಳನ್ನು ಅತ್ತ ತಿರುಗಿಸಿದವು. ಮೈಕ್ರಾನ್ ಅಂತೂ ಸಾಮಾನ್ಯ ಗ್ರಾಹಕರಿಗಾಗಿ ನಡೆಸುತ್ತಿದ್ದ ಕ್ರೂಶಿಯಲ್ ಬ್ರ್ಯಾಂಡನ್ನೇ ನಿಲ್ಲಿಸುವುದಾಗಿ 2025ರ ಡಿಸೆಂಬರ್‌ನಲ್ಲಿ ಹೇಳಿತು. ರ‍್ಯಾಮ್, ಎಸ್‌ಎಸ್‌ಡಿ ಎರಡರ ಬೆಲೆಯೂ ಏರಿತು. ಇದಕ್ಕೇ ಈ ಲೇಖನದಲ್ಲಿ "ಇಷ್ಟು ಸಾವಿರಕ್ಕೆ ಇದು" ಅನ್ನುವ ಪಟ್ಟಿ ಇಲ್ಲ. ಇವತ್ತು ಬರೆದ ಬೆಲೆ ಮುಂದಿನ ತಿಂಗಳಿಗೆ ಸುಳ್ಳಾಗುತ್ತದೆ.

ಹಾಗಾದರೆ ತೀರ್ಮಾನ ಹೇಗೆ? ಹಳೆಯದು ಕೆಟ್ಟು ಕೆಲಸ ನಿಂತಿದ್ದರೆ ಇವತ್ತೇ ಕೊಳ್ಳಿ. ಮೂರು ತಿಂಗಳು ಕಾದು ಮೂರು ಸಾವಿರ ಉಳಿಸಿ, ಅಷ್ಟು ದಿನ ಮಗಳು ಲ್ಯಾಬ್ ರೆಕಾರ್ಡನ್ನು ಮೊಬೈಲ್‌ನಲ್ಲಿ ಟೈಪ್ ಮಾಡುವುದು ಯಾವ ಲಾಭ? ಹಳೆಯದು ನಡೆಯುತ್ತಿದ್ದರೆ ಹತ್ತಿರದ ಸೇಲ್‌ವರೆಗೆ ಕಾಯಿರಿ. ಒಂದು ವರ್ಷ ಕಾದರೆ ಇದೇ ಬೆಲೆಗೆ ಎರಡರಷ್ಟು ಸಿಗುತ್ತದೆ ಎಂದು ಮಾತ್ರ ಕೂರಬೇಡಿ.

ಸಣ್ಣ ವ್ಯಾಪಾರ ಇರುವವರಿಗೆ ಒಂದು ಮಾತು. ಲ್ಯಾಪ್‌ಟಾಪಿನ ಮೇಲೆ ಜಿಎಸ್‌ಟಿ 18 ಶೇಕಡಾ. 59,000 ರೂಪಾಯಿಯ ಲ್ಯಾಪ್‌ಟಾಪ್‌ನಲ್ಲಿ 9,000 ತೆರಿಗೆಯೇ. ನಿಮಗೆ ಜಿಎಸ್‌ಟಿ ನೋಂದಣಿ ಇದ್ದು, ವ್ಯಾಪಾರಕ್ಕೇ ಬಳಸುವುದಾದರೆ ನಿಮ್ಮ ನಂಬರ್ ಹಾಕಿಸಿದ ಬಿಲ್ ತೆಗೆದುಕೊಳ್ಳಿ, ಆ ತೆರಿಗೆಯನ್ನು ಸಾಮಾನ್ಯವಾಗಿ ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯಬಹುದು. ಯಾವ ಸೇಲ್‌ನ ರಿಯಾಯಿತಿಗೂ ಇದು ಕಡಿಮೆಯಲ್ಲ.

ಐ5 ಅನ್ನುವ ಬೋರ್ಡ್ ನಂಬಬೇಡಿ

ಐ5 ಅಂದರೆ ಬಸ್ಸಿನ ಮೇಲಿನ 'ಎಕ್ಸ್‌ಪ್ರೆಸ್' ಬೋರ್ಡ್ ಇದ್ದ ಹಾಗೆ. ಬೋರ್ಡ್ ಒಂದೇ, ಬಸ್ಸಿನ ವಯಸ್ಸು ಬೇರೆ ಬೇರೆ. ಹತ್ತು ವರ್ಷದ ಹಿಂದಿನದೂ ಐ5, ಈಚಿನ ವರ್ಷಗಳದೂ ಐ5. ಪೂರ್ತಿ ನಂಬರ್ ಕೇಳಿ. ಐ5-1235ಯು ಎಂದರೆ ಮೊದಲ ಎರಡು ಅಂಕಿ, ಅಂದರೆ 12, ತಲೆಮಾರು. ಕೊನೆಯ ಅಕ್ಷರ ವಿದ್ಯುತ್ ಬಳಕೆಯ ಸುಳಿವು. ಯು ಇದ್ದರೆ ಕಡಿಮೆ ವಿದ್ಯುತ್, ತೆಳ್ಳಗಿನ ಯಂತ್ರ. ಎಚ್ ಇದ್ದರೆ ಜಾಸ್ತಿ ಬಲ, ಜಾಸ್ತಿ ಬಿಸಿ, ಬೇಗ ಖಾಲಿಯಾಗುವ ಬ್ಯಾಟರಿ.

ಕೋರ್‌ಗಳ ಲೆಕ್ಕವೂ ಮೋಸ ಮಾಡುತ್ತದೆ. ಐ5-1235ಯು ಒಳಗೆ 10 ಕೋರ್, ಐ5-12450ಎಚ್ ಒಳಗೆ 8. ಮೊದಲನೆಯದೇ ಮೇಲು ಅನ್ನಿಸುತ್ತದೆ ಅಲ್ವಾ? ಆದರೆ ಮೊದಲನೆಯದರಲ್ಲಿ ಬಲವಾದ ಕೋರ್ 2 ಮಾತ್ರ, ಉಳಿದ 8 ಮಿತವ್ಯಯದವು. ಎರಡನೆಯದರಲ್ಲಿ ಬಲವಾದವು 4.

2023ರ ಕೊನೆಯಿಂದ ಇಂಟೆಲ್ ಹೆಸರುಗಳನ್ನೇ ಬದಲಿಸಿತು. 'ಐ' ಹೋಯಿತು, ಕೋರ್ ಅಲ್ಟ್ರಾ 5, ಕೋರ್ 5 ಎಂಬ ಹೆಸರುಗಳು ಬಂದವು. ಅಲ್ಟ್ರಾ ಇಲ್ಲದ ಕೋರ್ 5 120ಯು ಹೆಸರಿನಲ್ಲಿ ಹೊಸದು, ಒಳಗಿನ ವಿನ್ಯಾಸ 13ನೇ ತಲೆಮಾರಿನದೇ. ಎಎಂಡಿ ಇನ್ನೂ ಒಂದು ಹೆಜ್ಜೆ ಮುಂದೆ. ಅದರ 7000 ಸರಣಿಯ ಲ್ಯಾಪ್‌ಟಾಪ್ ಚಿಪ್‌ಗಳಲ್ಲಿ ಗುಟ್ಟು ಇರುವುದು ಮೂರನೇ ಅಂಕಿಯಲ್ಲಿ. ರೈಜೆನ್ 5 7520ಯು: ಮೂರನೇ ಅಂಕಿ 2, ಅಂದರೆ ಜೆನ್ 2 ವಿನ್ಯಾಸ, 4 ಕೋರ್. ರೈಜೆನ್ 5 7530ಯು: ಜೆನ್ 3, 6 ಕೋರ್. ಬರೀ ಹತ್ತು ನಂಬರ್ ವ್ಯತ್ಯಾಸ ಅನ್ನಿಸುತ್ತದೆ. ಒಳಗೆ ಎರಡೂ ಬೇರೆ ಬೇರೆ ತರಗತಿಯ ಚಿಪ್‌ಗಳು. ಅಂಗಡಿಯಲ್ಲಿ ಎರಡರ ಮೇಲೂ "ರೈಜೆನ್ 5, 7000 ಸೀರೀಸ್" ಎಂಬ ಒಂದೇ ಚೀಟಿ. ಗ್ರಾಹಕನಿಗೆ ಅರ್ಥವಾಗಬಾರದು ಅಂತಲೇ ಈ ಹೆಸರುಗಳನ್ನು ಇಟ್ಟಿದ್ದಾರೇನೋ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಎರಡು ಚಿಪ್ ನಡುವೆ ಗೊಂದಲ ಇದ್ದರೆ ಚಿಪ್‌ಗಳ ವೇಗ ಅಳೆಯುವ ಸಿನೆಬೆಂಚ್ ಅಥವಾ ಪಾಸ್‌ಮಾರ್ಕ್ ಅಂಕಗಳನ್ನು ಹುಡುಕಿ ಹೋಲಿಸಿ, ಐದು ನಿಮಿಷದ ಕೆಲಸ.

ಇಷ್ಟು ಹೇಳಿದ ಮೇಲೆ ಒಂದು ಸಮಾಧಾನ. ಬರವಣಿಗೆ, ಬ್ರೌಸರ್, ಎಕ್ಸೆಲ್, ಆನ್‌ಲೈನ್ ಕ್ಲಾಸ್, ಮೊದಲ ವರ್ಷದ ಕೋಡಿಂಗ್ ಇವಕ್ಕೆ ಈಚಿನ ಯಾವ ಐ5 ಅಥವಾ ರೈಜೆನ್ 5 ಆದರೂ ಸಾಕು. ಐ7ಗೆ ಹಾಕುವ ಹೆಚ್ಚುವರಿ ದುಡ್ಡನ್ನು ರ‍್ಯಾಮ್, ಪರದೆಗೆ ತಿರುಗಿಸಿದರೆ ದಿನವೂ ಅದರ ಫಲ ಕಾಣುತ್ತದೆ. ಸೆಲೆರಾನ್, ಪೆಂಟಿಯಂ ಹೆಸರಿನವು, ಎನ್ ಅಕ್ಷರದಿಂದ ಶುರುವಾಗುವ ಅಗ್ಗದ ಇಂಟೆಲ್ ಚಿಪ್‌ಗಳು, ಎಸ್‌ಎಸ್‌ಡಿ ಬದಲು ನಿಧಾನದ ಇಎಂಎಂಸಿ ಸ್ಟೋರೇಜ್ ಇರುವವು ಇವುಗಳಿಂದ ಮಾತ್ರ ದೂರ ಇರಿ. ಆ ದುಡ್ಡಿಗೆ ಒಳ್ಳೆಯ ಸೆಕೆಂಡ್ ಹ್ಯಾಂಡ್ ಸಿಗುತ್ತದೆ.

ದುಡ್ಡು ಎಲ್ಲಿ ಹಾಕಬೇಕು

ರ‍್ಯಾಮ್ ಮೊದಲು. ವಿಂಡೋಸ್ 11, ಬ್ರೌಸರ್‌ನ ಹತ್ತು ಟ್ಯಾಬ್, ಒಂದು ವಿಡಿಯೋ ಕಾಲ್ ಇಷ್ಟಕ್ಕೇ 8 ಜಿಬಿ ಬಿಗಿಯಾಗುತ್ತದೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ಪರದೆಗೆ ಬೇಕಾದ ಮೆಮೊರಿಯೂ ಇದರಿಂದಲೇ ಹೋಗುತ್ತದೆ. 16 ಜಿಬಿ ಇರಲಿ. ಅದಕ್ಕಿಂತ ಮುಖ್ಯವಾದದ್ದು, ರ‍್ಯಾಮ್ ಸ್ಲಾಟ್‌ನಲ್ಲಿದೆಯೋ ಬೋರ್ಡಿಗೆ ಬೆಸುಗೆ ಹಾಕಿದ್ದೋ ಅನ್ನುವುದು. ವಿವರಪಟ್ಟಿಯಲ್ಲಿ ಎಲ್‌ಪಿಡಿಡಿಆರ್5 ಎಂದಿದ್ದರೆ ಹೆಚ್ಚಾಗಿ ಬೆಸುಗೆಯದೇ, ಮುಂದೆ ಒಂದು ಜಿಬಿಯೂ ಏರಿಸಲಾಗದು. ಮ್ಯಾಕ್‌ಬುಕ್‌ಗಳಲ್ಲೂ, ಇಂಟೆಲ್‌ನ ಕೋರ್ ಅಲ್ಟ್ರಾ 200ವಿ ಸರಣಿಯಲ್ಲೂ ಮೆಮೊರಿ ಚಿಪ್‌ನ ಜೊತೆಗೇ ಸೇರಿಕೊಂಡಿರುತ್ತದೆ. ಬೆಸುಗೆ ಹಾಕಿದ 8 ಜಿಬಿ ಯಂತ್ರವನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಕೊಳ್ಳಬೇಡಿ. ಸ್ಲಾಟ್ ಇದ್ದರೆ 8ರಲ್ಲಿ ಶುರು ಮಾಡಿ, ಮೆಮೊರಿ ಬೆಲೆ ಇಳಿದಾಗ ಏರಿಸುವ ದಾರಿ ಉಳಿಯುತ್ತದೆ.

ಎಸ್‌ಎಸ್‌ಡಿ 512 ಜಿಬಿ ಸಾಕು. ವಿಂಡೋಸ್‌ನಲ್ಲಿ ಅದು 476 ಎಂದು ಕಾಣುತ್ತದೆ. ಯಾರೂ ಕದ್ದಿಲ್ಲ, ಕಂಪನಿ ಎಣಿಸುವ ರೀತಿ ಬೇರೆ, ವಿಂಡೋಸ್ ಎಣಿಸುವ ರೀತಿ ಬೇರೆ. ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಾಗಿ ಇದನ್ನು ಮುಂದೆ ಬದಲಾಯಿಸಬಹುದು, ಹಾಗಾಗಿ ಇಲ್ಲಿ ತಲೆಕೆಡಿಸಿಕೊಳ್ಳಬೇಡಿ.

ಪರದೆಯ ವಿಷಯಕ್ಕೆ ಬಂದರೆ ನಮ್ಮ ಜನ ಇದನ್ನು ಕೇಳುವುದೇ ಇಲ್ಲ. ಆದರೆ ಇಡೀ ಆಯುಷ್ಯ ನೋಡುವುದು ಅದನ್ನೇ. ಬರೀ "ಫುಲ್ ಎಚ್‌ಡಿ" ಅನ್ನುವುದು ಚುಕ್ಕಿಗಳ ಲೆಕ್ಕ ಅಷ್ಟೇ. ವಿವರಪಟ್ಟಿಯಲ್ಲಿ 250 ನಿಟ್ಸ್ (ಬೆಳಕಿನ ಅಳತೆ), 45 ಶೇಕಡಾ ಎನ್‌ಟಿಎಸ್‌ಸಿ (ಬಣ್ಣಗಳ ಅಳತೆ) ಎಂದಿದ್ದರೆ ಮಂಕು ಬೆಳಕು, ಸಪ್ಪೆ ಬಣ್ಣ. ಹಗಲು ಹೊತ್ತು ಜಗಲಿಯಲ್ಲಿ ಕೂತರೆ ನಿಮ್ಮ ಮುಖವೇ ಕಾಣುತ್ತದೆ. ಐಪಿಎಸ್ ಅಥವಾ ಒಎಲ್‌ಇಡಿ ಬಗೆಯ ಪರದೆ, ಕನಿಷ್ಠ 300 ನಿಟ್ಸ್ ಇರಲಿ. ಫೋಟೋ, ವಿಡಿಯೋ, ವಿನ್ಯಾಸದ ಕೆಲಸಕ್ಕೆ 100 ಶೇಕಡಾ ಎಸ್‌ಆರ್‌ಜಿಬಿ (ಇದೂ ಬಣ್ಣಗಳ ಅಳತೆಯೇ) ಬೇಕೇ ಬೇಕು. 1920×1200 ಇರುವ ಪರದೆ ಫುಲ್ ಎಚ್‌ಡಿಯ 1920×1080ಕ್ಕಿಂತ ಸ್ವಲ್ಪ ಎತ್ತರ, ಓದು ಬರಹದವರಿಗೆ ಅದು ದೊಡ್ಡ ಅನುಕೂಲ.

ಬ್ಯಾಟರಿಯನ್ನು ಕಂಪನಿ ಹೇಳುವ ಗಂಟೆಗಳಲ್ಲಿ ಅಳೆಯಬೇಡಿ, ವ್ಯಾಟ್-ಅವರ್ ನೋಡಿ. ಹಗುರ ಕೆಲಸಕ್ಕೆ ಸಾಮಾನ್ಯ ಲ್ಯಾಪ್‌ಟಾಪ್ ಸುಮಾರು 8 ವ್ಯಾಟ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. 42 ವ್ಯಾಟ್-ಅವರ್ ಬ್ಯಾಟರಿ ಐದು ಗಂಟೆ, 70 ಇದ್ದರೆ ಸುಮಾರು ಒಂಬತ್ತು. ಮಳೆಗಾಲದಲ್ಲಿ ಮಲೆನಾಡಿನ ಮನೆಯಿಂದ ಕೆಲಸ ಮಾಡುವವರಿಗೆ ಈ ವ್ಯತ್ಯಾಸ ನಾನು ಹೇಳಬೇಕಾಗಿಲ್ಲ. ಯುಎಸ್‌ಬಿ-ಸಿಯಿಂದ ಚಾರ್ಜ್ ಆಗುತ್ತದಾ ಎಂದೂ ಕೇಳಿ. ಆ ಆಕಾರದ ರಂಧ್ರ ಇದ್ದ ಮಾತ್ರಕ್ಕೆ ಚಾರ್ಜ್ ಆಗಬೇಕೆಂದಿಲ್ಲ. ಯುರೋಪಿಯನ್ ಒಕ್ಕೂಟದಲ್ಲಿ 2026ರ ಏಪ್ರಿಲ್ 28ರಿಂದ ಹೊಸ ಲ್ಯಾಪ್‌ಟಾಪ್‌ಗಳಿಗೆ ಇದು ಕಡ್ಡಾಯ, ಹಾಗಾಗಿ ಬೇರೆ ಕಡೆಯೂ ಇಂಥವೇ ಹೆಚ್ಚುವ ಸಾಧ್ಯತೆ ಇದೆ.

ಗೇಮಿಂಗ್ ಲ್ಯಾಪ್‌ಟಾಪ್ ಬೇಕಾ? ಗೇಮ್ ಆಡುವುದಾದರೆ, 3ಡಿ ಕೆಲಸ ಮಾಡುವುದಾದರೆ, ಸರಿ. "ಎಐ ಕಲಿಯಬೇಕು, ಅದಕ್ಕೆ" ಎಂದರೆ ಸ್ವಲ್ಪ ತಡೆಯಿರಿ. ಕಲಿಯುವ ಹಂತಕ್ಕೆ ಗೂಗಲ್ ಕೋಲ್ಯಾಬ್‌ನಲ್ಲಿ ಮಿತಿಯೊಳಗೆ ಉಚಿತವಾಗಿಯೇ ಗ್ರಾಫಿಕ್ಸ್ ಚಿಪ್ ಸಿಗುತ್ತದೆ. ಎರಡೂಕಾಲು ಕಿಲೋ ಯಂತ್ರ, ಜೊತೆಗೆ ಇಟ್ಟಿಗೆಯಂಥ ಚಾರ್ಜರ್ ಹೊತ್ತು ದಿನವೂ ಕಾಲೇಜಿಗೆ ಹೋಗುವವರು ಯಾರು ಎಂದು ಯೋಚಿಸಿ. ಕೊಳ್ಳುವುದೇ ಆದರೆ ಗ್ರಾಫಿಕ್ಸ್ ಕಾರ್ಡಿನ ಹೆಸರಿನ ಜೊತೆ ವ್ಯಾಟ್ ಕೂಡ ನೋಡಿ. ಆರ್‌ಟಿಎಕ್ಸ್ 4050 ಎಂಬ ಒಂದೇ ಹೆಸರಿನ ಕೆಳಗೆ 35ರಿಂದ 115 ವ್ಯಾಟ್‌ವರೆಗೆ ಯಾವುದೂ ಇರಬಹುದು, ವೇಗವೂ ಅದರಂತೆ.

"ಎಐ ಪಿಸಿ", "ಕೋಪೈಲಟ್ ಪ್ಲಸ್" ಅನ್ನುವ ಸ್ಟಿಕ್ಕರ್‌ಗೆ ಜಾಸ್ತಿ ಕೊಡಬೇಡಿ. ಚಾಟ್‌ಜಿಪಿಟಿಯಂಥವು ನಡೆಯುವುದು ನಿಮ್ಮ ಲ್ಯಾಪ್‌ಟಾಪಿನಲ್ಲಲ್ಲ, ದೂರದ ಡೇಟಾ ಸೆಂಟರ್‌ಗಳಲ್ಲಿ. ನಿಮ್ಮ ರ‍್ಯಾಮ್ ದುಬಾರಿಯಾಗಲು ಕಾರಣವಾದ ಅದೇ ಡೇಟಾ ಸೆಂಟರ್‌ಗಳು! ಆದರೆ ಕೋಪೈಲಟ್ ಪ್ಲಸ್ ಸ್ಟಿಕ್ಕರ್ ಸಿಗಲು ಮೈಕ್ರೋಸಾಫ್ಟ್ 16 ಜಿಬಿ ರ‍್ಯಾಮ್ ಕಡ್ಡಾಯ ಮಾಡಿದೆ, ಅಷ್ಟರ ಮಟ್ಟಿಗೆ ಅದು ಒಳ್ಳೆಯದೇ.

ಮ್ಯಾಕ್‌ಬುಕ್ ಏರ್ ಬ್ಯಾಟರಿ, ಪರದೆ, ಹಗುರತನದಲ್ಲಿ ನಿಜಕ್ಕೂ ಚೆನ್ನ. 2024ರ ಅಕ್ಟೋಬರ್‌ನಿಂದ ಅದರಲ್ಲಿ 16 ಜಿಬಿಯೇ ಕನಿಷ್ಠ. ಆದರೆ ಟ್ಯಾಲಿ, ಸಾಲಿಡ್‌ವರ್ಕ್ಸ್ ನೇರವಾಗಿ ಅದರಲ್ಲಿ ಓಡುವುದಿಲ್ಲ. ಹಳೆಯ ನುಡಿ ಫಾಂಟ್, ಪೇಜ್‌ಮೇಕರ್ ಫೈಲುಗಳನ್ನು ನೆಚ್ಚಿಕೊಂಡ ಪ್ರೆಸ್‌ನವರಿಗೂ ವಿಂಡೋಸೇ ಸರಿ. ಯೂನಿಕೋಡ್‌ನಲ್ಲಿ ಕನ್ನಡ ಬರೆಯುವವರಿಗೆ ಈ ಚಿಂತೆ ಇಲ್ಲ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಕನ್ನಡ ಕೀಬೋರ್ಡ್ ಇದೆ. ಸ್ನ್ಯಾಪ್‌ಡ್ರಾಗನ್ ಚಿಪ್‌ನ ವಿಂಡೋಸ್ ಲ್ಯಾಪ್‌ಟಾಪ್‌ಗಳ ಬ್ಯಾಟರಿಯೂ ಚೆನ್ನಾಗಿದೆ. ಆದರೆ ಅವಕ್ಕೆ ಬೇರೆಯೇ ಡ್ರೈವರ್ (ಜೋಡಿಸಿದ ಸಾಧನಗಳನ್ನು ನಡೆಸುವ ತಂತ್ರಾಂಶ) ಬೇಕು. ಹಳೆಯ ಪ್ರಿಂಟರ್, ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಬಳಸುವವರು ಮೊದಲು ವಿಚಾರಿಸಿಕೊಳ್ಳಿ.

ಸೆಕೆಂಡ್ ಹ್ಯಾಂಡ್ ಮತ್ತು ಅಮೆರಿಕದ ಅಣ್ಣ

ಬೆಂಗಳೂರಿನ ಕಂಪನಿಗಳು ಕೆಲವು ವರ್ಷಕ್ಕೊಮ್ಮೆ ಲ್ಯಾಪ್‌ಟಾಪ್‌ಗಳನ್ನು ಬದಲಿಸುತ್ತವೆ. ಹೊರಬಿದ್ದ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೀಟ್‌ಬುಕ್‌ಗಳು ಎಸ್.ಪಿ. ರೋಡ್‌ನ ಅಂಗಡಿಗಳಲ್ಲೂ ಆನ್‌ಲೈನ್‌ನಲ್ಲೂ ಸಿಗುತ್ತವೆ. ಇವು ಕಚೇರಿಗಾಗಿ ಗಟ್ಟಿಯಾಗಿ ಕಟ್ಟಿದ ಯಂತ್ರಗಳು, ಕೀಬೋರ್ಡ್ ಚೆನ್ನಾಗಿರುತ್ತದೆ, ಬಿಡಿಭಾಗ ಸಿಗುತ್ತವೆ. ಬಜೆಟ್ ಕಡಿಮೆ ಇದ್ದರೆ ಹೊಸ ಕಳಪೆಗಿಂತ ಇದೇ ವಾಸಿ ಅನ್ನುವವನು ನಾನು. 8ನೇ ತಲೆಮಾರಿಗಿಂತ ಹಳೆಯದು ಮಾತ್ರ ಬೇಡ. ದುಡ್ಡು ಕೊಡುವ ಮೊದಲು ಬಯೋಸ್‌ಗೆ (ವಿಂಡೋಸ್‌ಗಿಂತ ಮೊದಲು ಶುರುವಾಗುವ ಒಳಗಿನ ತಂತ್ರಾಂಶ) ಪಾಸ್‌ವರ್ಡ್ ಇದೆಯೇ ನೋಡಿ. ವಿಂಡೋಸನ್ನು ರೀಸೆಟ್ ಮಾಡಿಸಿ ನೆಟ್‌ಗೆ ಜೋಡಿಸಿ. ಆಗ ಅದು ಯಾವುದೋ ಕಂಪನಿಯ ಇಮೇಲ್ ಕೇಳಿದರೆ ಅಲ್ಲೇ ಬಿಟ್ಟು ಬನ್ನಿ, ಆ ಯಂತ್ರ ಇನ್ನೂ ಅವರ ಹಿಡಿತದಲ್ಲಿದೆ.

ಅಮೆರಿಕದಿಂದ ಬರುವ ಅಣ್ಣ ತಂದುಕೊಡುತ್ತೇನೆ ಎಂದರೆ, 18 ವರ್ಷ ದಾಟಿದ ಪ್ರಯಾಣಿಕರು ಒಂದು ಲ್ಯಾಪ್‌ಟಾಪನ್ನು ಸುಂಕವಿಲ್ಲದೆ ತರಬಹುದು. ಅಲ್ಲಿನ ಜಾಹೀರಾತಿನ ಬೆಲೆಯಲ್ಲಿ ಸಾಮಾನ್ಯವಾಗಿ ಮಾರಾಟ ತೆರಿಗೆ ಸೇರಿರುವುದಿಲ್ಲ, ಅದನ್ನು ಕೂಡಿಸಿ ಲೆಕ್ಕ ಹಾಕಿ. ಆ ಮಾಡೆಲ್‌ಗೆ ಇಲ್ಲಿ ವಾರಂಟಿ ನಡೆಯುತ್ತದಾ ಎಂದು ಕಂಪನಿಯ ತಾಣದಲ್ಲಿ ನೋಡದೆ ಹೂಂ ಅನ್ನಬೇಡಿ.

ವಾರಂಟಿ ಇಲ್ಲಿ ಕೊಂಡರೂ ಮುಖ್ಯವೇ. ಮನೆಗೇ ಬಂದು ಸರಿಮಾಡುವ ಆನ್‌ಸೈಟ್ ಸೇವೆ ನಿಮ್ಮ ಪಿನ್‌ಕೋಡ್‌ಗೆ ಇದೆಯಾ, ಇಲ್ಲ ಯಂತ್ರವನ್ನು ಜಿಲ್ಲಾ ಕೇಂದ್ರಕ್ಕೆ ಹೊತ್ತುಕೊಂಡು ಹೋಗಬೇಕಾ ಎಂದು ಕೊಳ್ಳುವ ಮೊದಲು ಕೇಳಿ. ಹಾಸ್ಟೆಲ್‌ಗೆ ಹೋಗುವ ಲ್ಯಾಪ್‌ಟಾಪ್ ಆದರೆ ಬಿದ್ದು ಒಡೆದರೂ ಸರಿಮಾಡಿಕೊಡುವ ಆಕ್ಸಿಡೆಂಟಲ್ ಡ್ಯಾಮೇಜ್ ರಕ್ಷಣೆಗೆ ಸ್ವಲ್ಪ ಖರ್ಚು ಮಾಡಿ. ಸಾಮಾನ್ಯ ವಾರಂಟಿಯಲ್ಲಿ ಒಡೆದ ಪರದೆ, ಚೆಲ್ಲಿದ ಕಾಫಿ ಸೇರುವುದಿಲ್ಲ.

ಪೆಟ್ಟಿಗೆ ಕೈಗೆ ಬಂದ ದಿನ ಬಿಚ್ಚುವಾಗ ವಿಡಿಯೋ ಮಾಡಿಕೊಳ್ಳಿ. ಪರದೆಯನ್ನು ಪೂರ್ತಿ ಕಪ್ಪು, ಪೂರ್ತಿ ಬಿಳಿ ಮಾಡಿ ಸತ್ತ ಚುಕ್ಕಿ ಇದೆಯಾ ನೋಡಿ. ಟಾಸ್ಕ್ ಮ್ಯಾನೇಜರ್ ತೆರೆದು ಪ್ರೊಸೆಸರ್ ನಂಬರ್, ರ‍್ಯಾಮ್ ಹೇಳಿದಷ್ಟೇ ಇದೆಯಾ ಎಂದು ಹೋಲಿಸಿ. ಬಿಲ್ಲಿನ ಸೀರಿಯಲ್ ನಂಬರ್ ಯಂತ್ರದ ತಳದಲ್ಲಿರುವುದಕ್ಕೆ ಹೊಂದಬೇಕು. ಅದೇ ನಂಬರನ್ನು ಕಂಪನಿಯ ತಾಣದಲ್ಲಿ ಹಾಕಿ, ವಾರಂಟಿ ಯಾವ ದಿನದಿಂದ ಶುರುವಾಗಿದೆ ಎಂದು ನೋಡಿ. ನೀವು ಕೊಂಡ ದಿನಕ್ಕಿಂತ ತಿಂಗಳುಗಟ್ಟಲೆ ಹಿಂದಿನ ದಿನಾಂಕ ಇದ್ದರೆ, ಬಿಲ್ ಕಳಿಸಿ ಅದನ್ನು ತಿದ್ದಿಸುವ ಕೆಲಸವನ್ನು ಅದೇ ವಾರ ಮುಗಿಸಿ.